ಮಳೆಗಾಲದಲ್ಲಿ ಒಂದು ಅಗ್ಗದ ಸಿಗಾರ್: ಚೆನ್ನಾಗಿದೆಯೋ ಇಲ್ಲವೋ ನೋಡುವುದು ಹೇಗೆ

ಕಳೆದ ವರ್ಷ ಆಷಾಢದ ಮಳೆ ಹೊಯ್ಯುತ್ತಿದ್ದಾಗ ಶಿವಮೊಗ್ಗದಿಂದ ಒಂದು ಪೊಟ್ಟಣ ಸಿಗಾರ್ ತಂದಿದ್ದೆ. ತಮಿಳುನಾಡು ಕಡೆಯ ಕೈಸುತ್ತಿನ ಮಾಲು. ಹತ್ತಕ್ಕೆ 900 ರೂಪಾಯಿ, ಅಂದರೆ ಒಂದಕ್ಕೆ 90. ತೀರ್ಥಹಳ್ಳಿ ಹತ್ತಿರದ ನಮ್ಮನೆಗೆ ಬಂದವನೇ ಜಗಲಿಯಲ್ಲಿ ಕೂತು ಒಂದು ಹಚ್ಚಿದೆ. ಐದು ಸಲ ಆರಿಹೋಯಿತು. ಒಂದು ಪಕ್ಕ ಸರಸರ ಉರಿದು, ಇನ್ನೊಂದು ಪಕ್ಕ ಹಾಗೇ ಹಸಿಹಸಿಯಾಗಿ ನಿಂತಿತು. ಬಾಯಿ ತುಂಬ ಕಹಿ. ಹೊಸದಾಗಿ ಏನು ತಂದರೂ ಅದರ ಬಗ್ಗೆ ನಾಲ್ಕು ಸಾಲು ಬರೆದಿಡುವ ಪುಸ್ತಕ ನನ್ನ ಹತ್ತಿರ ಇದೆ. ಅದರಲ್ಲಿ ‘ಬೇಡ’ ಅಂತ ಒಂದೇ ಮಾತು ಬರೆದೆ.

ಭಾವ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಅಡಿಕೆ ಮಂಡಿಗೆ ಓಡಾಡಿ ಅವನ ಅರ್ಧ ಆಯುಷ್ಯ ಕಳೆದಿದೆ.

“ಎಂತ ಮಾರಾಯ, ಮಳೇಲಿ ನೆಂದ ಒಂದು ಅಡಿಕೆ ಒಡೆದು ನೋಡಿ ಇಡೀ ತೋಟಕ್ಕೆ ಬೆಲೆ ಕಟ್ತೀಯಾ?” ಅಂದ.

“ಮಾಲೇ ಸರಿ ಇಲ್ಲ ಭಾವ.”

“ಮಾಲು ಸರಿ ಇಲ್ವೋ, ನಮ್ಮ ಹವೆ ಸರಿ ಇಲ್ವೋ? ಅದನ್ನ ಮೊದಲು ನೋಡು.”

ಅವನು ಹೇಳಿದ್ದು ಸರಿ ಇತ್ತು. ಉಳಿದ ಒಂಬತ್ತನ್ನು ಎಸೆಯದೆ ಇಟ್ಟೆ, ಸರಿಯಾಗಿ ಒಣಗಿಸಿದೆ, ಒಂದೊಂದಾಗಿ ನೋಡುತ್ತಾ ಬಂದೆ. ಮೂರು ವಾರದ ಮೇಲೆ ಹಚ್ಚಿದ್ದು ಅದೇ ಪೊಟ್ಟಣದ್ದು ಅಂತ ನನಗೇ ನಂಬಲು ಆಗಲಿಲ್ಲ. ಅಗ್ಗದ ಸಿಗಾರನ್ನು ನಾವು ಮಲೆನಾಡಿನವರು ಬೈಯುವಾಗ ಅರ್ಧದಷ್ಟು ಸಲ ನಮ್ಮ ಮಳೆಯ ತಪ್ಪನ್ನು ಅದರ ತಲೆಗೆ ಕಟ್ಟುತ್ತೇವೆ ಅಂತ ಆಗ ಅನ್ನಿಸಿತು. ಆ ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನಾನು ಈ ವಿಷಯದಲ್ಲಿ ಪಂಡಿತ ಅಲ್ಲ, ಆಸಕ್ತಿಯಿಂದ ಕಲಿತವನು.

ಶುರು ಮಾಡುವ ಮೊದಲು

ತಂಬಾಕಿನ ಅಭ್ಯಾಸ ಇಲ್ಲದವರು ಇದನ್ನು ಓದಿ ಶುರು ಮಾಡಬೇಡಿ. ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಸಿಗಾರ್ ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಅನ್ನುವ ಮಾತು ತಪ್ಪು. ಸಿಗಾರ್ ಹೊಗೆಗೆ ಕ್ಷಾರದ ಗುಣ ಇದೆ. ಅದರಿಂದ ನಿಕೋಟಿನ್ ಬಾಯಿಯ ಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರಿಗೆ ಇದೂ ದಾರಿಯೇ. ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿಗಂತೂ ಬಾಯಿಗೆ ಆಗುವ ಅಪಾಯ ಇನ್ನೂ ಜಾಸ್ತಿ. ನಾನು ತಿಂಗಳಿಗೆ ಒಂದು, ಬಹಳ ಆದರೆ ಎರಡು. ಮನೆಯೊಳಗೆ ಇಲ್ಲ, ಮಕ್ಕಳು ಇದ್ದ ಕಡೆ ಇಲ್ಲ.

ನಮ್ಮ ರಾಜ್ಯದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಮಾರುವ ಹಾಗಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಪೊಟ್ಟಣದ ಮೇಲೆ ನೂರಕ್ಕೆ 85 ಭಾಗ ಚಿತ್ರದ ಎಚ್ಚರಿಕೆ ಇರಲೇಬೇಕು. ಹೊರದೇಶದಿಂದ ಬಂದದ್ದಾದರೂ ಅಷ್ಟೇ. ಆ ಚಿತ್ರ ಇಲ್ಲದೆ ಕಡಿಮೆ ಬೆಲೆಗೆ ಸಿಕ್ಕಿತು ಅಂದರೆ ಅದು ಕಳ್ಳದಾರಿಯಲ್ಲಿ ಬಂದದ್ದು, ಮುಟ್ಟಬೇಡಿ.

ಒಳಗೆ ಏನಿದೆ

ಸಿಗಾರಿಗೆ ಮೂರು ಪದರ. ಒಳಗಿನ ತುಂಬುಸೊಪ್ಪು, ಅದನ್ನು ಹಿಡಿದಿಡುವ ಕಟ್ಟೆಲೆ, ಹೊರಗೆ ಕಾಣುವ ಸುತ್ತೆಲೆ. ಬೆಲೆ ಬಾಳುವ ಸಿಗಾರಿನಲ್ಲಿ ತುಂಬುಸೊಪ್ಪು ಈ ತುದಿಯಿಂದ ಆ ತುದಿಯವರೆಗೆ ಉದ್ದದ ಎಲೆ. ಅಗ್ಗದ್ದರಲ್ಲಿ ಅದು ಚೂರು, ಅಥವಾ ಅರ್ಧ ಚೂರು ಅರ್ಧ ಉದ್ದ. ಯಂತ್ರದಲ್ಲಿ ಮಾಡುವ ಇನ್ನೂ ಅಗ್ಗದ್ದರಲ್ಲಿ ಕಟ್ಟೆಲೆಯೂ ಕೆಲವೊಮ್ಮೆ ನಿಜವಾದ ಎಲೆಯಲ್ಲ. ಸೊಪ್ಪಿನ ಪುಡಿಯನ್ನು ಅಂಟು ಹಾಕಿ ಹಾಳೆ ಮಾಡಿದ್ದು.

ಚೂರು ಸೊಪ್ಪು ಅಂದ ತಕ್ಷಣ ಕೀಳು ಅನ್ನಬೇಡಿ. ಅದು ಬೇಗ ಉರಿಯುತ್ತದೆ, ಬಿಸಿಯಾಗುತ್ತದೆ, ಬೂದಿ ಉದುರುತ್ತದೆ. ಇದು ಅದರ ಹುಟ್ಟುಗುಣ. ಅದಕ್ಕೆ ನಾನು ಅಂಕ ಕಡಿಮೆ ಮಾಡುವುದಿಲ್ಲ. ಒಂದೇ ಬೆಲೆಯ ಇನ್ನೊಂದು ಚೂರು ಸೊಪ್ಪಿನ ಸಿಗಾರಿಗಿಂತ ಕೆಟ್ಟದಾಗಿದ್ದರೆ ಮಾತ್ರ ಕಡಿಮೆ ಮಾಡುತ್ತೇನೆ.

ಸೊಪ್ಪಿನ ಬಗ್ಗೆ ಒಂದು ಮಾತು. ಹುಣಸೂರು, ಪಿರಿಯಾಪಟ್ಟಣದಲ್ಲಿ ಬೆಳೆಯುವುದು ಸಿಗರೇಟಿನ ಸೊಪ್ಪು. ಅದನ್ನು ಬ್ಯಾರನ್ ಅನ್ನುವ ಒಣಗಿಸುವ ಮನೆಯಲ್ಲಿ ಶಾಖ ಕೊಟ್ಟು ಹಳದಿ ಮಾಡುತ್ತಾರೆ. ನಿಪ್ಪಾಣಿಯದು ಬೀಡಿ ಸೊಪ್ಪು. ಸಿಗಾರಿನ ಸೊಪ್ಪು ಇವೆರಡಕ್ಕಿಂತ ಬೇರೆ. ಅದನ್ನು ನೆರಳಲ್ಲಿ ಗಾಳಿಗೆ ಒಣಗಿಸಿ, ಆಮೇಲೆ ದೊಡ್ಡ ರಾಶಿ ಹಾಕಿ ಹುಳಿ ಬರಿಸುತ್ತಾರೆ. ರಾಶಿಯ ಒಳಗೆ ತಾನಾಗಿ ಬಿಸಿ ಏರುತ್ತದೆ. ಗೊಬ್ಬರದ ಗುಂಡಿಗೆ ಕೈ ಹಾಕಿದವರಿಗೆ ಆ ಬಿಸಿ ಗೊತ್ತು. ರಾಶಿಯನ್ನು ಆಗಾಗ ಮಗುಚಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಗ್ಗದ ಮಾಲಿನಲ್ಲಿ ಮೊದಲು ಕೈಬಿಡುವುದು ಈ ಕಾಯುವ ಕೆಲಸವನ್ನೇ. ಅದು ಗೊತ್ತಾಗುವುದು ಮೂಗಿಗೆ, ಮುಂದೆ ಹೇಳುತ್ತೇನೆ.

ತಮಿಳುನಾಡಿನ ತಿರುಚಿರಾಪಳ್ಳಿ, ದಿಂಡಿಗಲ್ ಕಡೆ ಸಿಗಾರ್ ಸುತ್ತುವುದು ಹಳೆಯ ಕಸುಬು. ಇಂಗ್ಲಿಷಿನವರು ‘ಶೆರೂಟ್’ ಅನ್ನುವುದು ತಮಿಳಿನ ‘ಸುರುಟ್ಟು’ ಅನ್ನುವ ಮಾತಿನಿಂದಲೇ. ಸುರುಟುವುದು ಅಂದರೆ ಸುತ್ತುವುದು, ಕನ್ನಡದಲ್ಲೂ ಅದೇ ಅರ್ಥ ಅಲ್ವಾ? ನಮ್ಮ ಹಿರಿಯರು ಚುಟ್ಟ ಅನ್ನುತ್ತಿದ್ದರು. ಶೆರೂಟಿಗೆ ಎರಡೂ ತುದಿ ತೆರೆದೇ ಇರುತ್ತದೆ, ಕತ್ತರಿಸುವ ಕೆಲಸ ಇಲ್ಲ. ಸಿಗಾರಿಗೆ ಬಾಯಿಗೆ ಇಡುವ ತುದಿಯಲ್ಲಿ ಎಲೆಯ ಟೋಪಿ ಅಂಟಿಸಿರುತ್ತಾರೆ.

ಕೈಗೆ ತಗೊಂಡು ನೋಡುವುದು

ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ. ಸುತ್ತೆಲೆಯ ಮೇಲೆ ದಪ್ಪ ನರ ಎದ್ದಿದೆಯಾ? ಅಂಟಿಸಿದ ಅಂಚು ಎಲ್ಲಾದರೂ ಬಿಟ್ಟಿದೆಯಾ? ಬಣ್ಣ ಒಂದೇ ಸಮ ಇಲ್ಲದಿದ್ದರೆ ಪರವಾಗಿಲ್ಲ. 90 ರೂಪಾಯಿಗೆ ಮದುವೆ ಹೆಣ್ಣಿನ ಅಲಂಕಾರ ಕೇಳಬಾರದು. ಆದರೆ ಅಂಚು ಬಿಟ್ಟಿದ್ದರೆ ಅದು ಸುತ್ತಿದವರ ಅವಸರ.

ಆಮೇಲೆ ಹೆಬ್ಬೆರಳು, ತೋರುಬೆರಳಿನ ಮಧ್ಯೆ ಇಟ್ಟು ತುದಿಯಿಂದ ತುದಿಗೆ ಹಗುರವಾಗಿ ಒತ್ತುತ್ತಾ ಹೋಗಿ. ಇದೇ ಬಹಳ ಮುಖ್ಯ. ಒಂದು ಕಡೆ ಗಟ್ಟಿ ಗಂಟು ಸಿಕ್ಕಿದರೆ ಅಲ್ಲಿ ಹೊಗೆ ಹಾಯುವುದಿಲ್ಲ. ಒಂದು ಕಡೆ ಮೆತ್ತಗೆ ಕುಸಿದರೆ ಅಲ್ಲಿ ಸೊಪ್ಪು ಕಡಿಮೆ, ಬೆಂಕಿ ಅಲ್ಲಿಗೆ ಬಂದಾಗ ಓಡುತ್ತದೆ. ಇದು ಮಾಡಿದವರ ತಪ್ಪು, ಮಳೆಯದಲ್ಲ. ಇಡೀ ಸಿಗಾರ್ ಒಂದೇ ಸಮ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಅದು ಮಳೆಯ ತಪ್ಪು. ಒತ್ತಿದಾಗ ಒಣ ಎಲೆಯ ಹಾಗೆ ಚರಚರ ಅಂದರೆ ಜಾಸ್ತಿ ಒಣಗಿದೆ. ಸ್ವಲ್ಪ ತಗ್ಗಿ, ಬಿಟ್ಟ ಕೂಡಲೇ ಮೊದಲಿನ ಹಾಗೆ ಬಂದರೆ ಹದ ಸರಿ ಇದೆ.

ಅಳತೆಯನ್ನೂ ಬರೆದಿಡಿ. ಸಿಗಾರಿನ ದಪ್ಪವನ್ನು ಒಂದು ಇಂಚಿನ 64ನೇ ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. 42 ಅಂದರೆ 64ರಲ್ಲಿ 42 ಭಾಗ, ಸುಮಾರು 16.7 ಮಿಲಿಮೀಟರ್. 50 ಅಂದರೆ 19.8. ನನ್ನ ಪೊಟ್ಟಣದ್ದು 42ರ ದಪ್ಪ, 5 ಇಂಚು ಉದ್ದ. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಇದ್ದರೆ ತೂಕ ಮಾಡಿಡಿ. ಯಾಕೆ ಅಂತ ಈಗ ಹೇಳುತ್ತೇನೆ.

ತೇವ: ನಮ್ಮ ಕಡೆ ಇದೇ ಅರ್ಧ ಪರೀಕ್ಷೆ

ಸಿಗಾರಿಗೆ ಹದವಾದ ಗಾಳಿ ಅಂದರೆ ನೂರಕ್ಕೆ 65ರಿಂದ 70ರ ತೇವಾಂಶ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅಲ್ಲಿಂದ ಕೂಗಳತೆಯಲ್ಲಿ ಇರುವ ನಮ್ಮಂಥವರ ಮನೆಯಲ್ಲಿ ಜುಲೈ ತಿಂಗಳ ತೇವಾಂಶ 90ಕ್ಕಿಂತ ಮೇಲೇ. ಹಾಸಿದ ಬಟ್ಟೆ ತಿಂಗಳಾದರೂ ಒಣಗದ ಹವೆಯಲ್ಲಿ ಸೊಪ್ಪು ಹೇಗೆ ಒಣಗಿರುತ್ತದೆ? ತಂದ ಪೊಟ್ಟಣವನ್ನು ಎರಡು ದಿನ ಗೂಡಿನಲ್ಲಿ ಸುಮ್ನೆ ಇಟ್ಟರೂ ಸಾಕು, ಅದು ನೀರು ಕುಡಿಯುತ್ತದೆ.

ಮಾಡಬೇಕಾದ್ದು ಹೀಗೆ. ಬಿಗಿ ಮುಚ್ಚಳದ ಒಂದು ಡಬ್ಬಿ ಬೇಕು, ಅಂಚಿಗೆ ರಬ್ಬರ್ ಪಟ್ಟಿ ಇರುವಂಥದ್ದು. ಉಪ್ಪಿನಕಾಯಿ ಹಾಕಿದ್ದ ಡಬ್ಬಿ ಬೇಡ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ, ಸೊಪ್ಪು ಅದನ್ನು ಎಳೆದುಕೊಳ್ಳುತ್ತದೆ. ಒಂದು ಪುಟ್ಟ ಡಿಜಿಟಲ್ ತೇವಮಾಪಕ ಬೇಕು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜೊತೆಗೆ ತೇವವನ್ನು ಒಂದೇ ಮಟ್ಟದಲ್ಲಿ ಇಡುವ ಪೊಟ್ಟಣ. ಅದರ ಮೇಲೆ 65, 69 ಅಂತ ಬರೆದಿರುತ್ತದೆ. ಅದು ಜಾಸ್ತಿ ಇದ್ದ ನೀರನ್ನು ಎಳೆದುಕೊಳ್ಳುತ್ತದೆ, ಕಡಿಮೆ ಇದ್ದರೆ ಬಿಡುತ್ತದೆ. ಚೂರು ಸೊಪ್ಪಿನ ಸಿಗಾರಿಗೆ 65ರದ್ದೇ ಹೊಂದುತ್ತದೆ ಅನ್ನುವುದು ನನ್ನ ಅನುಭವ.

ಅಗ್ಗದ ತೇವಮಾಪಕ ಸುಳ್ಳು ಹೇಳುತ್ತದೆ. ಹಾಗಾಗಿ ಮೊದಲು ಅದನ್ನೇ ಪರೀಕ್ಷೆ ಮಾಡಬೇಕು. ಇದಕ್ಕೆ ಅಡುಗೆಮನೆಯ ಉಪ್ಪು ಸಾಕು. ಬಾಟಲಿಯ ಒಂದು ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ. ಅದರ ಮೇಲೆ ಹನಿಹನಿಯಾಗಿ ನೀರು ಬಿಡಿ. ಉಪ್ಪು ಕರಗಿ ನೀರಾಗಬಾರದು, ಹೊಳೆದಂಡೆಯ ಒದ್ದೆ ಮರಳಿನ ಹಾಗೆ ಇರಬೇಕು. ಆ ಮುಚ್ಚಳ ಮತ್ತು ತೇವಮಾಪಕ ಎರಡನ್ನೂ ಬಿಗಿಯಾದ ಡಬ್ಬಿಯೊಳಗೆ ಇಟ್ಟು ಮುಚ್ಚಿ. ರಾತ್ರಿ ಇಟ್ಟರೆ ಬೆಳಿಗ್ಗೆ ನೋಡಿ, ಮುಚ್ಚಳ ತೆಗೆಯದೆ. ಒದ್ದೆ ಉಪ್ಪು ತನ್ನ ಸುತ್ತಲ ಗಾಳಿಯನ್ನು 75ಕ್ಕೆ ತಂದು ನಿಲ್ಲಿಸುತ್ತದೆ. ಮಾಪಕ 75 ತೋರಿಸಿದರೆ ಸರಿ. ನನ್ನದು 70 ತೋರಿಸಿತು. ಹಾಗಾದರೆ ಅದು ಹೇಳುವುದಕ್ಕೆ ಯಾವಾಗಲೂ 5 ಸೇರಿಸಿಕೊಳ್ಳಬೇಕು. ಒಂದು ಚೀಟಿಯಲ್ಲಿ ‘+5’ ಅಂತ ಬರೆದು ಅದರ ಬೆನ್ನಿಗೆ ಅಂಟಿಸಿದ್ದೇನೆ.

ಮಾಪಕ ಇಲ್ಲದವರಿಗೂ ಇದರಲ್ಲಿ ಒಂದು ದಾರಿ ಇದೆ. ಗಾಳಿಯ ತೇವ 75 ದಾಟಿದರೆ ಪುಡಿ ಉಪ್ಪು ತಾನಾಗಿ ನೀರೊಡೆಯುತ್ತದೆ. ನಮ್ಮ ಅಮ್ಮನವರು ಮಳೆಗಾಲದಲ್ಲಿ ಉಪ್ಪಿನ ಡಬ್ಬಕ್ಕೆ ನಾಲ್ಕು ಕಾಳು ಅಕ್ಕಿ ಹಾಕಿಡುತ್ತಿದ್ದದ್ದು ಇದಕ್ಕೇ. ಅಡುಗೆಮನೆಯ ಉಪ್ಪು ಉದುರುದುರಾಗಿದ್ದರೆ ಸಿಗಾರಿಗೂ ಹೆಚ್ಚು ಭಯ ಇಲ್ಲ. ಮುದ್ದೆ ಕಟ್ಟಿ ಬೆವರುತ್ತಿದ್ದರೆ ಆ ದಿನ ಸಿಗಾರ್ ಪರೀಕ್ಷೆ ಬೇಡ. ಇದನ್ನು ಕಲ್ಲುಪ್ಪಿನಲ್ಲಿ ನೋಡಬೇಡಿ. ಅದರಲ್ಲಿ ಬೇರೆ ಲವಣಗಳೂ ಸೇರಿರುತ್ತವೆ, ಅವು ಇನ್ನೂ ಬೇಗ ನೀರು ಎಳೆಯುತ್ತವೆ.

ಇನ್ನು ಒಣಗಿಸುವುದು. ಬಿಸಿಲಿಗೆ ಇಡಬಾರದು. ಬಚ್ಚಲೊಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಹಪ್ಪಳ, ಬೆಂಕಿಪೊಟ್ಟಣ ಎಲ್ಲ ಅಲ್ಲೇ ಇಡುತ್ತೇವೆ. ಆದರೆ ಸಿಗಾರ್ ಇಡಬೇಡಿ. ನಾನು ಎರಡನ್ನು ಇಟ್ಟು ನೋಡಿದ್ದೇನೆ. ಒಂದೇ ವಾರಕ್ಕೆ ಸುತ್ತೆಲೆ ಬಿರಿಯಿತು, ಸೇದಿದರೆ ಸೌದೆ ಹೊಗೆಯದೇ ರುಚಿ. ಬೇಗ ಒಣಗಿದರೆ ಹೊರಗಿನ ಎಲೆ ಕುಗ್ಗುತ್ತದೆ, ಒಳಗಿನದು ಇನ್ನೂ ಊದಿಕೊಂಡೇ ಇರುತ್ತದೆ. ಆಗ ಒಡೆಯದೆ ಇನ್ನೇನಾಗುತ್ತದೆ? ಡಬ್ಬಿಯೊಳಗೆ 65ರ ಪೊಟ್ಟಣ ಹಾಕಿ ನಿಧಾನ ಒಣಗಲು ಬಿಡುವುದೇ ಸರಿ. ಬಹಳ ಒದ್ದೆಯಾಗಿದ್ದರೆ ಮೊದಲ ವಾರ ಎರಡು ಪೊಟ್ಟಣ ಹಾಕಿ.

ತಕ್ಕಡಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಂಗಡಿಯಿಂದ ತಂದ ದಿನ ನನ್ನ ಒಂದು ಸಿಗಾರ್ 9.1 ಗ್ರಾಂ ಇತ್ತು. ವಾರದ ಮೇಲೆ 8.7. ಎರಡು ವಾರಕ್ಕೆ 8.5. ಮೂರನೇ ವಾರ 8.4ಕ್ಕೆ ಬಂದು ನಿಂತಿತು. ತೂಕ ಇಳಿಯುವುದು ನಿಂತಿತು ಅಂದರೆ ಒಳಗೂ ಹೊರಗೂ ಹದ ಒಂದೇ ಆಯಿತು ಅಂತ. ಅಲ್ಲಿಯವರೆಗೆ ಯಾವ ತೀರ್ಮಾನವೂ ಬೇಡ. 0.7 ಗ್ರಾಂ ನೀರು ಅಂದರೆ ಕಣ್ಣಿಗೆ ಏನೂ ಅಲ್ಲ, ಆದರೆ ಮೊದಲ ದಿನ ಐದು ಸಲ ಆರಿಸಿದ್ದು ಅದೇ ನೀರು.

ಬೂಷ್ಟು ಮತ್ತು ಹುಳ

ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುವ ಊರು ನಮ್ಮದು. ಸಿಗಾರಿನ ಮೇಲೆ ಹತ್ತಿಯ ಎಳೆಯ ಹಾಗೆ ಎದ್ದು ನಿಂತ ಬಿಳಿ, ಹಸಿರು, ನೀಲಿ ಕಂಡರೆ ಅದು ಬೂಷ್ಟು. ಒರೆಸಿ ಸೇದಬಹುದು ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಹಚ್ಚುವ ತುದಿಯಲ್ಲಿ ಕಂಡರಂತೂ ಒಳಗೂ ಹೋಗಿರುತ್ತದೆ. ಎಸೆಯಿರಿ, ಡಬ್ಬಿ ತೊಳೆದು ಒಣಗಿಸಿ.

ಗುಂಡುಸೂಜಿ ಚುಚ್ಚಿದ ಹಾಗೆ ತೂತು, ಕೆಳಗೆ ಕಂದು ಪುಡಿ ಕಂಡರೆ ತಂಬಾಕಿನ ಹುಳ ಬಿದ್ದಿದೆ. ಅಕ್ಕಿ, ಬೇಳೆ ಹುಳ ನೋಡಿದವರಿಗೆ ಇದು ಹೊಸತಲ್ಲ. ಮೊಟ್ಟೆ ಸೊಪ್ಪಿನಲ್ಲೇ ಇರುತ್ತದೆ, ಹವೆ ಬೆಚ್ಚಗಾದರೆ ಒಡೆಯುತ್ತದೆ. ತೂತು ಬಿದ್ದದ್ದನ್ನು ತೆಗೆದುಹಾಕಿ. ಉಳಿದದ್ದನ್ನು ಗಾಳಿ ಆಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ. ಆಮೇಲೆ ಒಂದು ದಿನ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, ಆಮೇಲೆ ಹೊರಗೆ. ಚೀಲವನ್ನು ಕೊನೆಯವರೆಗೂ ತೆರೆಯಬೇಡಿ, ತೆರೆದರೆ ತಣ್ಣನೆ ಎಲೆಯ ಮೇಲೆ ನೀರು ಕೂರುತ್ತದೆ.

ಕತ್ತರಿಸಿ, ಹಚ್ಚದೆ ಎಳೆಯುವುದು

ಟೋಪಿಯ ತುದಿಯಿಂದ ಒಂದೂವರೆ, ಎರಡು ಮಿಲಿಮೀಟರ್ ಮಾತ್ರ ಕತ್ತರಿಸಿ. ಅದಕ್ಕಿಂತ ಕೆಳಗೆ ಹೋದರೆ ಸುತ್ತೆಲೆ ಬಿಚ್ಚಿಕೊಳ್ಳುತ್ತದೆ. ಅಡಕತ್ತರಿಯಲ್ಲಿ ಕತ್ತರಿಸಬಹುದು ಅಂತ ಅನ್ನಿಸುತ್ತದೆ, ಬೇಡ. ಅದರ ಒಂದೇ ಅಲಗು ಒತ್ತಿ ಹಿಂಡುತ್ತದೆ, ಟೋಪಿ ಒಡೆಯುತ್ತದೆ. ಎರಡು ಅಲಗಿನ ಸಿಗಾರ್ ಕಟರ್ ತಗೊಳ್ಳಿ, ಇಲ್ಲದಿದ್ದರೆ ಹೊಸ ಬ್ಲೇಡು.

ಹಚ್ಚುವ ಮೊದಲು ಬಾಯಿಗಿಟ್ಟು ಗಾಳಿ ಎಳೆದು ನೋಡಿ. ಸಲೀಸಾಗಿ, ಆದರೆ ಸ್ವಲ್ಪ ತಡೆದು ಬರಬೇಕು. ಪಪ್ಪಾಯಿ ಕೊಳವೆಯಲ್ಲಿ ಎಳೆದ ಹಾಗೆ ಪೊಳ್ಳಾಗಿದ್ದರೆ ಸೊಪ್ಪು ಕಡಿಮೆ ತುಂಬಿದ್ದಾರೆ. ಕೆನ್ನೆ ಗುಳಿ ಬೀಳುವ ಹಾಗೆ ಎಳೆಯಬೇಕಾಗಿ ಬಂದರೆ ಜಾಸ್ತಿ ತುಂಬಿದ್ದಾರೆ, ಅಥವಾ ಇನ್ನೂ ಒದ್ದೆ ಇದೆ. ತೂಕ ನಿಂತ ಮೇಲೂ ಬಿಗಿ ಇದ್ದರೆ ಅದು ಮಾಡಿದವರ ತಪ್ಪು ಅಂತ ಧೈರ್ಯವಾಗಿ ಬರೆದುಕೊಳ್ಳಿ.

ಈಗ ಮೂಗಿಗೆ ಹಿಡಿಯಿರಿ. ಒಣಹುಲ್ಲಿನ ಬಣವೆ, ಹಳೆಯ ಮರದ ಪೆಟ್ಟಿಗೆ, ಒಣದ್ರಾಕ್ಷಿ, ಇಂಥ ವಾಸನೆ ಬಂದರೆ ಒಳ್ಳೆಯದು. ಕೊಟ್ಟಿಗೆಯ ಬೆಚ್ಚನೆ ವಾಸನೆ ಬಂದರೂ ಹೆದರಬೇಡಿ, ಹುಳಿ ಬಂದ ಸೊಪ್ಪಿಗೆ ಅದು ಸಹಜ. ಆದರೆ ಗಂಜಲದ ಘಾಟು ಮೂಗಿಗೆ ಚುಚ್ಚಿದರೆ ಅದು ಅಮೋನಿಯಾ. ಸೊಪ್ಪಿನ ರಾಶಿ ಪೂರ್ತಿ ಹಣ್ಣಾಗುವ ಮೊದಲೇ ಸುತ್ತಿದ್ದಾರೆ ಅಂತ ಅರ್ಥ. ಇಂಥದ್ದನ್ನು ಡಬ್ಬಿಯಲ್ಲಿ ಎರಡು ತಿಂಗಳು ಇಟ್ಟು, ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸಿ. ಘಾಟು ಇಳಿದರೆ ಇಳಿಯಿತು. ಇಳಿಯದಿದ್ದರೆ ಆ ಮಾಲನ್ನು ಮತ್ತೆ ತರಬೇಡಿ. ಗುಲಾಬಿ, ವೆನಿಲ್ಲಾ, ಚೆರಿ ಅಂತ ಘಮಘಮ ಅಂದರೆ ಸುವಾಸನೆ ಚಿಮುಕಿಸಿದ್ದಾರೆ. ಅಂಥದ್ದರಲ್ಲಿ ಸೊಪ್ಪಿನ ಗುಣ ನೋಡಲು ಆಗುವುದಿಲ್ಲ.

ಹಚ್ಚುವುದು

ಊಟ ಆದ ಮೇಲೆ ಹಚ್ಚಿ, ಖಾಲಿ ಹೊಟ್ಟೆಯಲ್ಲಿ ಬೇಡ. ಮೊದಲ ಸಲ ನಾನು ಬೆಳಿಗ್ಗೆ ಬರೀ ಕಾಫಿ ಕುಡಿದು ಕೂತು, ಅರ್ಧ ಗಂಟೆಗೆ ತಲೆ ತಿರುಗಿ ಬೆವರಿ ಜಗಲಿಯಲ್ಲೇ ಮಲಗಿದ್ದೆ. ಹಾಗೆ ಆದರೆ ಅಲ್ಲಿಗೇ ಬಿಡಿ, ನೀರು ಕುಡಿದು ಒಂದು ಚೂರು ಬೆಲ್ಲ ಬಾಯಿಗೆ ಹಾಕಿ ಗಾಳಿಗೆ ಕೂರಿ. ಎಲೆ-ಅಡಿಕೆ ಹಾಕಿದ ಬಾಯಲ್ಲಿ ರುಚಿ ನೋಡಬಾರದು, ಚೊಗರು ನಾಲಿಗೆಯನ್ನು ಗಂಟೆಗಟ್ಟಲೆ ಕಟ್ಟಿಹಾಕುತ್ತದೆ. ಸಂಜೆ ಬಚ್ಚಲೊಲೆ ಉರಿಯುವ ಹೊತ್ತೂ ಬೇಡ.

ಗ್ಯಾಸ್ ಲೈಟರ್ ಒಳ್ಳೆಯದು. ಬೆಂಕಿಕಡ್ಡಿ ಆದರೆ ಮದ್ದು ಪೂರ್ತಿ ಉರಿದು ಬರೀ ಕಡ್ಡಿಗೆ ಬೆಂಕಿ ಹಿಡಿದ ಮೇಲೆ ಹತ್ತಿರ ತನ್ನಿ. ಚಿಮಣಿ, ಮೇಣದಬತ್ತಿ ಬೇಡ, ಅದರ ರುಚಿ ಹಿಡಿಯುತ್ತದೆ. ಜ್ವಾಲೆ ತುದಿಗೆ ತಾಗಬಾರದು. ಸ್ವಲ್ಪ ದೂರ ಹಿಡಿದು, ಸಿಗಾರನ್ನು ತಿರುಗಿಸುತ್ತಾ, ಹಪ್ಪಳ ಕೆಂಡದಲ್ಲಿ ಸುಡುವಾಗಿನ ತಾಳ್ಮೆಯಿಂದ ಸುತ್ತಲೂ ಕಾಯಿಸಿ. ಅಂಚೆಲ್ಲ ಕೆಂಪಾದ ಮೇಲೆ ಬಾಯಿಗೆ ಇಡಿ.

ಆಮೇಲೆ ನಿಮಿಷಕ್ಕೆ ಒಂದೇ ಎಳೆತ. ಹೊಗೆ ಬಾಯಲ್ಲೇ ಇಟ್ಟು ಹೊರಗೆ ಬಿಡಿ, ಎದೆಗೆ ಎಳೆಯಬೇಡಿ. ಚೂರು ಸೊಪ್ಪಿನದಕ್ಕೆ ಇನ್ನೂ ನಿಧಾನವೇ ಒಳ್ಳೆಯದು. ಬೇಗ ಬೇಗ ಎಳೆದರೆ ಬಿಸಿಯಾಗಿ ಯಾವ ಸಿಗಾರಾದರೂ ಕಹಿಯಾಗುತ್ತದೆ. ನನ್ನ ಮೊದಲ ದಿನದ ಕಹಿಯಲ್ಲಿ ಮಳೆಯ ಪಾಲು ಅರ್ಧ. ಆರಿಹೋಗುತ್ತದೆ ಅಂತ ನಾನು ಒಂದೇ ಸಮ ಎಳೆದದ್ದರ ಪಾಲು ಇನ್ನರ್ಧ.

ಉರಿ ಮತ್ತು ರುಚಿ

ಬೆಂಕಿಯ ಗೆರೆ ಸುತ್ತಲೂ ಒಂದೇ ಮಟ್ಟದಲ್ಲಿ ಇಳಿಯಬೇಕು. ಒಂದು ಪಕ್ಕ ಮುಂದೆ ಓಡಿದರೆ ಆ ಪಕ್ಕವನ್ನು ಕೆಳಗೆ ಮಾಡಿ ಹಿಡಿಯಬೇಡಿ, ಮೇಲೆ ಮಾಡಿ ಹಿಡಿಯಿರಿ. ಕೆಳಗಿನ ಪಕ್ಕ ಬೇಗ ಉರಿಯುತ್ತದೆ. ತಾನಾಗಿ ಸರಿಯಾದರೆ ದೋಷ ಅಲ್ಲ. ಸರಿಯಾಗದಿದ್ದರೆ ಹಿಂದುಳಿದ ಕಡೆಗೆ ಒಂದು ಸಲ ಬೆಂಕಿ ತೋರಿಸಿ. ಎಷ್ಟು ಸಲ ತೋರಿಸಬೇಕಾಯಿತು ಅಂತ ಬರೆದಿಡಿ. ಎರಡರವರೆಗೆ ನಾನು ಮಾಫಿ ಮಾಡುತ್ತೇನೆ. ಹೊರಗೆ ಹಾಗೇ ಇದ್ದು ಒಳಗಷ್ಟೇ ಸುರಂಗದ ಹಾಗೆ ಉರಿದರೆ ಸುತ್ತೆಲೆ ಇನ್ನೂ ಒದ್ದೆ ಇದೆ, ಅಥವಾ ನೀವು ತೀರಾ ಅಪರೂಪಕ್ಕೆ ಎಳೆಯುತ್ತಿದ್ದೀರಿ.

ಬೂದಿ ಬೆಳ್ಳಗಿದ್ದರೆ ಒಳ್ಳೆಯದು, ಕಪ್ಪಾಗಿದ್ದರೆ ಕೆಟ್ಟದ್ದು ಅಂತ ಬಹಳ ಜನ ಹೇಳುತ್ತಾರೆ. ಬೂದಿಯ ಬಣ್ಣ ಹೆಚ್ಚಾಗಿ ಸೊಪ್ಪು ಬೆಳೆದ ಮಣ್ಣಿನ ಖನಿಜಗಳ ಮೇಲೆ ಹೋಗುತ್ತದೆ. ಅದಕ್ಕೆ ನಾನು ಅಂಕ ಕೊಡುವುದಿಲ್ಲ.

ರುಚಿಯನ್ನು ಮೂರು ಭಾಗ ಮಾಡಿ ನೋಡಿ, ಮೂರಕ್ಕೂ ಒಂದೊಂದು ಸಾಲು. ಪರದೇಶದವರು ಬರೆಯುವ ದೇವದಾರು, ಚರ್ಮ, ಕೋಕೋ ಅನ್ನುವ ಪಟ್ಟಿ ನೋಡಿ ಕಂಗಾಲಾಗಬೇಡಿ. ನಿಮ್ಮ ನಾಲಿಗೆಗೆ ಗೊತ್ತಿರುವ ಹೆಸರು ಹಾಕಿ. ನಮ್ಮ ಪುಸ್ತಕದಲ್ಲಿ ಇರುವುದು ಕಾಳುಮೆಣಸು, ಹುರಿದ ಕಾಫಿಬೀಜ, ಜೋನಿಬೆಲ್ಲ, ಸುಟ್ಟ ಗೇರುಬೀಜ, ಮೊದಲ ಮಳೆಯ ಮಣ್ಣು, ಒಣಗಿದ ಅಡಿಕೆ ಸಿಪ್ಪೆ. ಮೂರನೇ ವಾರದ ಆ ಸಿಗಾರಿನ ಬಗ್ಗೆ ನಾನು ಬರೆದದ್ದು ಹೀಗೆ: ‘ಮೊದಲ ಭಾಗ ಕಾಳುಮೆಣಸು, ನಾಲಿಗೆ ತುದಿ ಚುರು. ನಡುಭಾಗ ಹುರಿದ ಕಾಫಿಬೀಜ, ಕೆಳಗೆ ಸಣ್ಣ ಸಿಹಿ. ಕೊನೆಯ ಭಾಗ ಖಾರ ಜಾಸ್ತಿ, ಸ್ವಲ್ಪ ಉಳಿದಿರುವಾಗ ಬಿಟ್ಟೆ. ಒಂದು ಸಲ ಆರಿತು. 38 ನಿಮಿಷ.’ ಆ ನಡುಭಾಗ ಬರುವಾಗ ಮಳೆ ನಿಂತಿತ್ತು, ಮಾಡಿನ ಹಂಚಿನಿಂದ ಹನಿ ಬೀಳುವ ಸದ್ದು ಮಾತ್ರ. ಈ ಸಿಹಿ ಮೊದಲ ದಿನವೂ ಒಳಗೆ ಇತ್ತಲ್ಲ, ನಾನೇ ಕಾಯಲಿಲ್ಲವಲ್ಲ ಅಂತ ಬೇಜಾರಾಯಿತು.

ಕೊನೆಯ ಭಾಗಕ್ಕೆ ಹಟ ಮಾಡಬೇಡಿ. ಟಾರು, ನಿಕೋಟಿನ್ ಎಲ್ಲ ಅಲ್ಲಿ ಬಂದು ಸೇರಿರುತ್ತದೆ. ಬೆರಳಿಗೆ ಬಿಸಿ ತಾಗಿದರೆ, ಕಹಿ ಶುರುವಾದರೆ ಇಟ್ಟುಬಿಡಿ, ತಾನಾಗಿ ಆರುತ್ತದೆ. ಬೇಸಿಗೆಯಲ್ಲಿ ತೋಟದ ಬದಿ, ದರಕು ಬಿದ್ದ ಕಡೆ ಎಸೆಯಲೇಬೇಡಿ. ನೀರಿನ ಡಬ್ಬಿಗೆ ಹಾಕಿ.

ಬೆಲೆ ಕಟ್ಟುವುದು

ಶಿವಮೊಗ್ಗ ಮಾರುಕಟ್ಟೆಯಲ್ಲಿ ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ದರ. ಅಗ್ಗದ ಗೊರಬಲನ್ನು ದುಬಾರಿ ಸರಕಿನ ಪಕ್ಕ ಇಟ್ಟು ಯಾರೂ ಬೈಯುವುದಿಲ್ಲ. ಒಳ್ಳೆಯ ಗೊರಬಲಾ, ಕೆಟ್ಟ ಗೊರಬಲಾ, ಅಷ್ಟೇ ನೋಡುತ್ತಾರೆ. ಅಗ್ಗದ ಸಿಗಾರಿಗೂ ನಾನು ಅದೇ ಮಾಡುತ್ತೇನೆ.

ಒಂದೇ ಪೊಟ್ಟಣದ ಕನಿಷ್ಠ ಮೂರನ್ನು ನೋಡಬೇಕು, ತಿಂಗಳಿಗೊಂದರಂತೆ. ಅಗ್ಗದ ಮಾಲಿನ ದೊಡ್ಡ ದೋಷ ರುಚಿಯದಲ್ಲ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ ಅನ್ನುವುದು. ಹತ್ತರಲ್ಲಿ ಎರಡು ಬಿಗಿಯಾಗಿ ಸೇದಲು ಬಾರದಿದ್ದರೆ ನೀವು ಕೊಟ್ಟ ಬೆಲೆ ಎಂಟಕ್ಕೇ. ನನ್ನ ಲೆಕ್ಕದಲ್ಲಿ 900ನ್ನು 8ರಿಂದ ಭಾಗಿಸಿದರೆ ಒಂದಕ್ಕೆ 112 ರೂಪಾಯಿ ಚಿಲ್ಲರೆ ಆಯಿತು. ಆ ಬೆಲೆಗೆ ಆ ನಡುಭಾಗ ಸಿಕ್ಕಿದ್ದು ನ್ಯಾಯವೇ. ಮಳೆ ತಂದ ದೋಷಗಳನ್ನೆಲ್ಲ ಒಂದು ಪುಟದಲ್ಲಿ, ಮಾಡಿದವರ ದೋಷಗಳನ್ನು ಎದುರು ಪುಟದಲ್ಲಿ ಬರೆಯಿರಿ. ಅಂಕ ಕೊಡುವಾಗ ಎರಡನೇ ಪುಟ ಮಾತ್ರ ನೋಡಿ.

ಫೆಬ್ರವರಿಯಲ್ಲಿ, ಉಪ್ಪು ಉದುರುದುರಾಗಿರುವ ಕಾಲದಲ್ಲಿ, ಅದೇ ಪೊಟ್ಟಣದ ಇನ್ನೊಂದು ಹಚ್ಚಿದೆ. ಒಂದು ಸಲವೂ ಆರಲಿಲ್ಲ. ಪುಸ್ತಕದ ಹಳೆಯ ಪುಟ ತೆಗೆದು ‘ಬೇಡ’ ಅನ್ನುವುದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ತರಬಹುದು, ಮಳೆಗಾಲದಲ್ಲಿ ತಂದರೆ ಮೂರು ವಾರ ಕಾಯಬೇಕು’ ಅಂತ ಬರೆದೆ. ಭಾವನಿಗೆ ತೋರಿಸಿದೆ. ಓದಿ, “ತೂಕ ಎಷ್ಟಿತ್ತು ಅಂತ ಬರೆದಿಲ್ಲಲ್ಲ” ಅಂದ. ಬರೆದೆ: 8.3 ಗ್ರಾಂ.